ಕುಡಿದವನು ಮಗ, ತೆತ್ತವನು ತಂದೆ

(ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಶ್ರೀಮಠದ ಪೂಜ್ಯರು ದಯಪಾಲಿಸಿದ ಆಶೀರ್ವಚನದ ಬರಹರೂಪ)

ಓಂ ಶ್ರೀ ಗುರು ಬಸವಲಿಂಗಾಯ ನಮಃ



ಪ್ರತಿ ಅಮಾವಾಸ್ಯೆಗೆ ನಾವು ಇಲ್ಲಿ ಕುಳಿತು ಷಟ್‌ಸ್ಥಲದ ಮಾತು, ಅಷ್ಟಾವರಣದ ಮಾತು ಆಡುತ್ತೇವೆ. ಇಂದು ಗಾಡಿಯ ವಿಮೆಯ ಕಾಗದದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮನಸ್ಸು ಮಾಡಿದ್ದೇವೆ. ಮಠದ ಸ್ವಾಮಿಗೆ ವಿಮೆಯ ಗೊಡವೆ ಯಾಕೆ ಎಂದು ಹಿಂದಿನ ಸಾಲಿನಲ್ಲಿ ಕುಳಿತ ತರುಣರು ನಕ್ಕಾರು. ನಗಲಿ. ಆದರೆ ನೆನಪಿಡಿರಿ, ಅಪ್ಪ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ಲೆಕ್ಕ ಶುದ್ಧವಿಲ್ಲದ ಕಡೆ ಭಕ್ತಿ ಶುದ್ಧವಿರುವುದಿಲ್ಲ ಎಂಬುದನ್ನು ಬದುಕಿ ತೋರಿಸಿದವರು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಧ್ಯಾನಕ್ಕೆ ಕುಳಿತ ಹಾಗೆಯೇ ಕೆರೆ ಕಟ್ಟಿಸಲೂ ನಿಂತವರು. ಶರಣರಿಗೆ ಸಂಸಾರದ ಲೆಕ್ಕ ಬೇರೆ, ಶಿವನ ಲೆಕ್ಕ ಬೇರೆ ಇರಲಿಲ್ಲ.

ಈ ಮಾತಿಗೆ ಕಾರಣವಾದ ಒಂದು ಸಂಗತಿ ಉಂಟು. ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಆ ಹಿರಿಯರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ.

ಗಡಿಯ ಆಚೆ, ಜತ್ತ ಸೀಮೆಯ ಒಬ್ಬ ಹಿರಿಯ ಭಕ್ತರು. ಆರು ಎಕರೆ ಹೊಲ, ಅದರಲ್ಲಿ ಎರಡು ಎಕರೆ ದಾಳಿಂಬೆ. ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವರಲ್ಲ. ಲಿಂಗಪೂಜೆ ತಪ್ಪಿಸಿದವರಲ್ಲ. ಪ್ರತಿ ವರ್ಷ ಸುಗ್ಗಿ ಮುಗಿದೊಡನೆ ದಾಸೋಹಕ್ಕೆ ಒಂದು ಚೀಲ ಬಿಳಿಜೋಳ ತಾವೇ ಹೊತ್ತು ತಂದು ಇಳಿಸುವವರು. ಅವರ ಒಬ್ಬನೇ ಮಗನಿಗೆ ಬಾಡಿಗೆ ಗಾಡಿ ಓಡಿಸುವ ಆಸೆ. ಸಾಲ ಮಾಡಿ ಒಂದು ಪಿಕಪ್ ಗಾಡಿ ತಂದರು. ಹೊಲದ ಉತಾರ ತಂದೆಯ ಹೆಸರಿನಲ್ಲಿದ್ದುದರಿಂದ ಸಾಲವೂ ಅವರ ಹೆಸರಿಗೆ, ಗಾಡಿಯೂ ಅವರ ಹೆಸರಿಗೆ. ಗಾಡಿ ನೇರವಾಗಿ ಮಠಕ್ಕೆ ಬಂತು. ನಾವೇ ವಿಭೂತಿ ಹಚ್ಚಿದೆವು, ಹೂವಿನ ಮಾಲೆ ಹಾಕಿದೆವು, ಕಾಯಿ ಒಡೆಸಿದೆವು. ಹುಡುಗ ಪಾದ ಮುಟ್ಟಿದ. ಒಳ್ಳೆಯದಾಗಲಿ ಎಂದೆವು. ಅಷ್ಟೇ ಅಂದೆವು. ಬೇರೆ ಏನನ್ನೂ ಕೇಳಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿರಿ, ಕೊನೆಗೆ ಮತ್ತೆ ಇಲ್ಲಿಗೇ ಬರುತ್ತೇವೆ.

ಒಂದು ದಿನ ಹುಡುಗ ಸೋಲಾಪುರದ ಪೇಟೆಗೆ ದಾಳಿಂಬೆ ಹಾಕಿ ಬಂದ. ಅಡತಿಯವರ ಪಟ್ಟಿ ಚೆನ್ನಾಗಿ ಬಂದಿತ್ತು. ಜೊತೆಗೆ ಗೆಳೆಯರಿದ್ದರು. ದಾರಿಯಲ್ಲಿ ಧಾಬಾ ಇತ್ತು. ರಾತ್ರಿ ಹತ್ತರ ಮೇಲೆ ಊರ ಕಡೆ ಹೊರಟ ಗಾಡಿ, ರಸ್ತೆಯ ಬದಿಯಲ್ಲಿ ಕಬ್ಬಿನ ಬಂಡಿಯ ಹಿಂದೆ ನಡೆದು ಹೊರಟಿದ್ದ ಒಬ್ಬ ಕಬ್ಬು ಕಡಿಯುವ ಕೂಲಿಯವನಿಗೆ ಬಡಿಯಿತು. ಅವನ ಜೀವ ಉಳಿಯಿತು, ಒಂದು ಕಾಲು ಉಳಿಯಲಿಲ್ಲ. ಪೊಲೀಸರು ಹುಡುಗನ ಬಾಯಿಗೆ ಯಂತ್ರ ಹಿಡಿದರು. ಯಂತ್ರ ತನ್ನ ಲೆಕ್ಕ ಹೇಳಿತು.

ಎಂಟು ದಿನ ಬಿಟ್ಟು, ರಾತ್ರಿ ಮಠದ ಬಾಗಿಲು ಹಾಕುವ ಹೊತ್ತಿಗೆ ಆ ಹಿರಿಯರು ಬಂದರು. ಕೂಡಲಿಲ್ಲ, ನಿಂತೇ ಹೇಳಿದರು:

"ಅಪ್ಪಾರ, ಅವತ್ತ ರಾತ್ರಿ ಹುಡುಗ ಮಠದಾಗ ಭಜನಿ ಮುಗಿಸಿ, ಪ್ರಸಾದ ತಗೊಂಡ ಹೋಗ್ಯಾನಂತ ನಿಮ್ಮ ಸಹಿ ಹಾಕಿ ಒಂದ ಪತ್ರ ಬರದ ಕೊಡ್ರಿ. ಸ್ವಾಮಿಗೋಳ ಮಾತ ಕೋರ್ಟಿನ್ಯಾಗ ನಡೀತದಂತ ಮಂದಿ ಹೇಳ್ಯಾರ."

ನಾವು ಬಹಳ ಹೊತ್ತು ಸುಮ್ಮನಿದ್ದೆವು. ಸುಳ್ಳು ಹೇಳುವುದಿಲ್ಲ ಎಂದು ತಟ್ಟನೆ ಅಂದೆವು ಎಂದು ಬರೆದರೆ ಅದೇ ಒಂದು ಸುಳ್ಳಾದೀತು. ಅವರ ಜೋಳ ನಮ್ಮ ಕಣಜದಲ್ಲಿತ್ತು. ಅವರ ಕಣ್ಣಲ್ಲಿ ನೀರಿತ್ತು. ಆದರೂ ಅಂದೆವು:

"ಯಜಮಾನ್ರ, ನೀವು ಕೊಟ್ಟ ಜೋಳಾ ನಾವು ಉಂಡೀವಿ. ಆ ಋಣಾ ಹಿಂಗ ತೀರಸಾಕ ಬರೂದಿಲ್ರಿ. ಕಾಲ ಹೋದಾವನೂ ಒಬ್ಬ ತಾಯಿ ಮಗ."

"ಹಂಗಾರ ನನ್ನ ಹೊಲಾ ಹೋಗ್ತದ್ರಿ, ಅಪ್ಪಾರ" ಎಂದರು. ಪ್ರಸಾದ ತೆಗೆದುಕೊಳ್ಳದೆ ಹೋದರು. ಆ ವರ್ಷ ಜೋಳದ ಚೀಲ ಬರಲಿಲ್ಲ.

ಬಂಧುಗಳೇ, ಹೊಲ ಹೋಗುತ್ತದೆ ಎಂದು ಅವರು ಅಂದದ್ದು ನಮಗೆ ಆಗ ಅರ್ಥವಾಗಲಿಲ್ಲ. ವಿಮೆ ಇದೆಯಲ್ಲ, ಹೊಲಕ್ಕೂ ಇದಕ್ಕೂ ಏನು ಸಂಬಂಧ ಎಂದುಕೊಂಡೆವು. ನಿಮ್ಮಲ್ಲಿಯೂ ಬಹಳ ಜನ ಹಾಗೆಯೇ ತಿಳಿದಿದ್ದೀರಿ. ಆಮೇಲೆ ಕಾನೂನು ಬಲ್ಲ ಭಕ್ತರನ್ನು ಕೂಡಿಸಿಕೊಂಡು, ಆ ಇಂಗ್ಲಿಷ್ ಕಾಗದವನ್ನು ಸಾಲು ಸಾಲಾಗಿ ಓದಿಸಿ ತಿಳಿದುಕೊಂಡೆವು. ನಮ್ಮ ಗಡಿನಾಡಿನ ಭಕ್ತರ ಪಾಡೇ ಹೀಗೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿಯೋ ತೆಲುಗೋ ತಮಿಳೋ ಮಲಯಾಳವೋ, ವಿಮೆಯ ಕಾಗದ ಇಂಗ್ಲಿಷು. ಎಲ್ಲಿ ಹೆಬ್ಬೆರಳು ತೋರಿಸಿದರೋ ಅಲ್ಲಿ ಸಹಿ. ಆದ್ದರಿಂದ ಆ ಕಾಗದದಲ್ಲಿ ಏನಿದೆ ಎಂಬುದನ್ನು ಈ ಹೊತ್ತು ಕನ್ನಡದಲ್ಲಿ ಕೇಳಿರಿ.

ಮೊದಲು ಶಿಕ್ಷೆಯ ಮಾತು. ಮೋಟಾರು ವಾಹನಗಳ ಕಾಯಿದೆ 1988ರದು. ಅದರ 185ನೆಯ ಕಲಮು ಕುಡಿದು ಓಡಿಸುವವನ ಕುರಿತಾದದ್ದು. 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯ ಕಂಡರೆ ಅಪರಾಧ. 2019ರ ಸೆಪ್ಟೆಂಬರ್ 1ರಿಂದ ಇದರ ದಂಡ ಏರಿದೆ. ಮೊದಲ ಸಲಕ್ಕೆ 6 ತಿಂಗಳ ತನಕ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದ ತನಕ ಸೆರೆವಾಸ, ಇಲ್ಲವೆ 15,000 ರೂಪಾಯಿ ದಂಡ, ಇಲ್ಲವೆ ಎರಡೂ. ಹೆಲ್ಮೆಟ್ಟಿನ ದಂಡದಂತೆ ರಸ್ತೆಯ ಮೇಲೆ ಕಟ್ಟಿ ಮುಗಿಸುವ ಮಾತಲ್ಲ ಇದು. ಕೋರ್ಟಿನ ಮುಂದೆ ನಿಲ್ಲಬೇಕು.

ಶಿಕ್ಷೆಯಾದ ಮೇಲೆ ಇನ್ನೊಂದು ಏಟು. ಅದೇ ಕಾಯಿದೆಯ 20ನೆಯ ಕಲಮಿನಂತೆ, ಕುಡಿದು ಓಡಿಸಿ ಶಿಕ್ಷೆಗೊಳಗಾದವನನ್ನು ಕೋರ್ಟು ಕಡಿಮೆಯೆಂದರೆ 6 ತಿಂಗಳು ಗಾಡಿ ಓಡಿಸಲು ಅನರ್ಹನೆಂದು ಆಜ್ಞೆ ಮಾಡಲೇಬೇಕು. ನಮ್ಮಲ್ಲಿ ಕೆಲವರಿಗೆ ಒಂದು ಭ್ರಮೆ ಇದೆ. ಸೋಲಾಪುರದಲ್ಲಿ ಸಿಕ್ಕರೆ ಇಂಡಿಯ ಕಡೆ ಓಡಿಸಿದರಾಯಿತು, ಹೊಸೂರಿನಲ್ಲಿ ಸಿಕ್ಕರೆ ಆನೇಕಲ್ಲಿನ ಕಡೆ ಓಡಿಸಿದರಾಯಿತು, ಆದೋನಿಯಲ್ಲಿ ಸಿಕ್ಕರೆ ಸಿರುಗುಪ್ಪದ ಕಡೆ ಓಡಿಸಿದರಾಯಿತು ಎಂದು. ಹಾಗಿಲ್ಲ. ಲೈಸನ್ಸು ಇಡೀ ದೇಶಕ್ಕೆ ಒಂದೇ, ಅನರ್ಹತೆಯೂ ಹಾಗೆಯೇ. ಅನರ್ಹನಾಗಿದ್ದಾಗ ಓಡಿಸಿದರೆ 3 ತಿಂಗಳ ತನಕ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ ಉಂಟು. ಗಾಡಿಯೇ ಕಾಯಕವಾದವನಿಗೆ ಆರು ತಿಂಗಳು ಎಂದರೆ ಏನು ಎಂದು ಯೋಚಿಸಿರಿ. ಕಬ್ಬಿನ ಹಂಗಾಮು ಹೋಯಿತು, ದ್ರಾಕ್ಷಿಯ ಹಂಗಾಮು ಹೋಯಿತು. ಸಾಲದ ಕಂತಿಗೆ ಮಾತ್ರ ಹಂಗಾಮಿಲ್ಲ, ಅದು ತಿಂಗಳು ತಿಂಗಳೂ ಬರುತ್ತದೆ.

ಇನ್ನು ವಿಮೆಯ ಮಾತು. ನಾವು ಫುಲ್ ಇನ್ಸೂರೆನ್ಸ್ ಎಂದು ಕರೆಯುವ ಕಾಗದದಲ್ಲಿ ಮೂರು ಬೇರೆ ಬೇರೆ ಕಟ್ಟುಗಳಿವೆ. ಒಂದು ನಮ್ಮ ಗಾಡಿಯ ಹಾನಿಗೆ. ಒಂದು ಮಾಲೀಕನ ಜೀವಕ್ಕೆ. ಒಂದು ನಮ್ಮ ಗಾಡಿಯಿಂದ ಕೆಟ್ಟ ಬೇರೆಯವರಿಗೆ. ಕುಡಿತ ಈ ಮೂರನ್ನೂ ಹೇಗೆ ಮುಟ್ಟುತ್ತದೆ ನೋಡಿರಿ.

ನಮ್ಮ ಗಾಡಿಯ ಹಾನಿಯ ಕಟ್ಟಿನಲ್ಲಿ ಒಂದು ಸಾಲಿದೆ. ವಿಮೆ ಮಾಡಿಸಿದವನಾಗಲಿ, ಅವನಿಗೆ ಗೊತ್ತಿದ್ದು ಅವನ ಒಪ್ಪಿಗೆಯಿಂದ ಓಡಿಸುವ ಮತ್ತೊಬ್ಬನಾಗಲಿ, ಮದ್ಯದ ಇಲ್ಲವೆ ಮಾದಕ ವಸ್ತುವಿನ ಅಮಲಿನಲ್ಲಿದ್ದಾಗ ಆದ ಹಾನಿಗೆ ಕಂಪನಿ ಹೊಣೆಯಲ್ಲ ಎಂಬುದು ಆ ಸಾಲಿನ ಅರ್ಥ. ಗಾಡಿ ಪೂರ್ತಿ ಜಜ್ಜಿಹೋದರೂ ಒಂದು ರೂಪಾಯಿ ಇಲ್ಲ. ಬಾಯಿಗೆ ಯಂತ್ರ ಹಿಡಿದೇ ಇಲ್ಲ, ಪುರಾವೆ ಎಲ್ಲಿ ಎಂದು ವಾದಿಸುವವರಿಗೂ ಒಂದು ಮಾತು. ದೆಹಲಿಯಲ್ಲಿ 2007ರಲ್ಲಿ ಬಹು ಬೆಲೆಯ ಒಂದು ಕಾರು ಹೀಗೆಯೇ ನಾಶವಾಗಿತ್ತು. ಆ ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಯಿತು. 2021ರ ಏಪ್ರಿಲಿನಲ್ಲಿ ಕೋರ್ಟು ವಿಮಾ ಕಂಪನಿಯ ಕಡೆಗೇ ತೀರ್ಪು ಕೊಟ್ಟಿತು. ಯಂತ್ರದ ಪರೀಕ್ಷೆ ಆಗದಿದ್ದರೂ ಬೇರೆ ಸಂಗತಿಗಳಿಂದ ಅಮಲನ್ನು ಸಿದ್ಧಪಡಿಸಬಹುದು ಎಂದಿತು. ಪುರಾವೆ ತಪ್ಪಿಸಲು ಓಡಿಹೋದವನು ಗೆದ್ದೆನೆಂದು ತಿಳಿಯಬಾರದು.

ಎರಡನೆಯ ಕಟ್ಟು ಮಾಲೀಕನ ಜೀವದ್ದು. ಗಾಡಿಯ ಮಾಲೀಕ ತಾನೇ ಓಡಿಸುತ್ತಿದ್ದು ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 15 ಲಕ್ಷ ರೂಪಾಯಿ ಬರುವ ಕಟ್ಟು ಇದು. ಅಮಲಿನಲ್ಲಿದ್ದರೆ ಇದೂ ಇಲ್ಲ. ತಾಯಂದಿರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಈ ಹಣ ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗಷ್ಟೇ. ತಂದೆಯ ಹೆಸರಿನ ಗಾಡಿಯನ್ನು ಮಗ ಓಡಿಸಿದರೆ, ಅವನು ಹನಿ ಮುಟ್ಟದವನಾಗಿದ್ದರೂ, ಈ ಕಟ್ಟಿನಲ್ಲಿ ಅವನಿಲ್ಲ. ಎಲ್ಲಾಯ್ಸಿ ಪಾಲಿಸಿಯ ಜೊತೆಗೆ ತೆಗೆದುಕೊಳ್ಳುವ ಅಪಘಾತದ ಹೆಚ್ಚುವರಿ ಸೌಲಭ್ಯಕ್ಕೂ ಅಮಲಿನ ತಡೆ ಇದೆ. ಮಹಾರಾಷ್ಟ್ರ ಸರ್ಕಾರ ಅಪಘಾತದಲ್ಲಿ ಸತ್ತ ರೈತನ ಮನೆಗೆ ಕೊಡುವ 2 ಲಕ್ಷ ರೂಪಾಯಿಯ ಯೋಜನೆಯಲ್ಲಿಯೂ ಅಮಲಿನ ಸಾವಿಗೆ ಜಾಗವಿಲ್ಲ. ಒಂದು ಬಾಟಲಿ ಎಷ್ಟು ಬಾಗಿಲು ಮುಚ್ಚಿತು, ಎಣಿಸಿರಿ.

ಮೂರನೆಯ ಕಟ್ಟು ಎಲ್ಲಕ್ಕಿಂತ ದೊಡ್ಡದು. ನಮ್ಮ ಗಾಡಿಯಿಂದ ಬೇರೆಯವರ ಜೀವ ಹೋದರೆ, ಅಂಗ ಹೋದರೆ ಕೊಡುವ ಪರಿಹಾರ. ಇದಕ್ಕೆ ಇಷ್ಟೇ ಎಂಬ ಮೇಲ್ಮಿತಿ ಇಲ್ಲ. ಇಲ್ಲಿ ಕಾನೂನು ಬಡವನ ಕೈ ಹಿಡಿದಿದೆ. ಕುಡಿದವನ ತಪ್ಪಿಗೆ ದಾರಿಹೋಕ ಉಪವಾಸ ಬೀಳಬಾರದೆಂದು, ಮೊದಲು ವಿಮಾ ಕಂಪನಿ ಪೆಟ್ಟು ತಿಂದವನಿಗೆ ಹಣ ಕೊಡಲಿ, ಆಮೇಲೆ ಅದನ್ನು ಗಾಡಿಯ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟುಗಳು ಹೇಳಿವೆ. ಕೇರಳದ ಹೈಕೋರ್ಟು 2023ರಲ್ಲಿ ಕುಡಿದ ಚಾಲಕನ ಮೊಕದ್ದಮೆಯಲ್ಲಿಯೇ ಹೀಗೆ ತೀರ್ಪು ಕೊಟ್ಟಿತು. ಕಾಯಿದೆಯಲ್ಲಿಯೂ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ, ಕುಡಿದು ಓಡಿಸುವುದನ್ನು ಕಂಪನಿ ತನ್ನ ಹೊಣೆ ಜಾರಿಸಲು ಎತ್ತಬಹುದಾದ ಕಾರಣವೆಂದು ಸ್ಪಷ್ಟವಾಗಿ ಸೇರಿಸಿದ್ದಾರೆ.

ಪೆಟ್ಟು ತಿಂದವನಿಗೆ ಹಣ ಸಿಗುತ್ತದೆ, ಒಳ್ಳೆಯದು. ಆದರೆ ಕೊಟ್ಟ ಕಂಪನಿ ಬಿಡುವುದಿಲ್ಲ. ಯಾರಿಂದ ವಸೂಲು? ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಂದ. ಕುಡಿದವನು ಮಗ, ತೆರಬೇಕಾದವನು ತಂದೆ. ಆ ಹಿರಿಯರು ಹೊಲ ಹೋಗುತ್ತದೆ ಎಂದದ್ದು ಇದಕ್ಕೇ.

ಎಷ್ಟು ಹಣ ಎಂದು ಕೇಳುತ್ತೀರಿ. ಸುಪ್ರೀಂ ಕೋರ್ಟು 2009ರಲ್ಲಿ ಮತ್ತು 2017ರಲ್ಲಿ ಹಾಕಿಕೊಟ್ಟ ಲೆಕ್ಕದ ದಾರಿ ಇದೆ. ಅದರಂತೆ ಒಂದು ಉದಾಹರಣೆ ಮಾಡೋಣ. ಮೂವತ್ತೆರಡು ವರ್ಷದ ಒಬ್ಬ ಕೂಲಿಯವನು ಅಪಘಾತದಲ್ಲಿ ಸತ್ತ ಎನ್ನಿರಿ. ತಿಂಗಳಿಗೆ 15,000 ರೂಪಾಯಿ ದುಡಿಮೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಒಟ್ಟು ನಾಲ್ಕು ಜನ. ವರ್ಷದ ದುಡಿಮೆ 1,80,000. ನಲವತ್ತರೊಳಗಿನವನಾದ್ದರಿಂದ ಮುಂದೆ ಹೆಚ್ಚಬಹುದಾದ ದುಡಿಮೆಗೆಂದು ನೂರಕ್ಕೆ 40 ಕೂಡಿಸುತ್ತಾರೆ, 2,52,000 ಆಯಿತು. ಅವನ ಸ್ವಂತ ಖರ್ಚಿಗೆಂದು ನಾಲ್ಕನೆಯ ಒಂದು ಪಾಲು ಕಳೆಯುತ್ತಾರೆ, 1,89,000 ಉಳಿಯಿತು. ಆ ವಯಸ್ಸಿಗೆ ಅದನ್ನು 16ರಿಂದ ಗುಣಿಸುತ್ತಾರೆ. 30,24,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಯ ಖರ್ಚು, ಹೆಂಡತಿ ಮಕ್ಕಳು ಕಳೆದುಕೊಂಡ ಆಸರೆಯ ಹಣ, ಅರ್ಜಿ ಹಾಕಿದ ದಿನದಿಂದ ಬಡ್ಡಿ. ಕೂಲಿಯವನ ಜೀವಕ್ಕೆ ಇಷ್ಟು ಬೆಲೆಯೇ ಎಂದು ಯಾರಾದರೂ ಹುಬ್ಬೇರಿಸಿದರೆ ಅವರು ಶರಣಧರ್ಮ ಓದಿಯೇ ಇಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದವರು ನಾವು.

ಈ ಹಣವನ್ನು ಕಟ್ಟದಿದ್ದರೆ ಏನಾಗುತ್ತದೆ? ಅದೇ ಕಾಯಿದೆಯ 174ನೆಯ ಕಲಮಿನಂತೆ ಜಿಲ್ಲಾಧಿಕಾರಿಗೆ ಪತ್ರ ಹೋಗಿ, ಭೂಕಂದಾಯದ ಬಾಕಿಯಂತೆ ವಸೂಲು ಮಾಡುವ ದಾರಿ ಇದೆ. ಭೂಕಂದಾಯದ ಬಾಕಿ ಎಂದರೆ ಏನೆಂದು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ವ್ಯಾಪಾರಸ್ಥ ಭಕ್ತರು ಒಂದು ಮಾತು ಕೇಳಿದರು. ಪರದೇಶಗಳಲ್ಲಿ ಒಮ್ಮೆ ಕುಡಿದು ಸಿಕ್ಕಿಬಿದ್ದರೆ ಮುಂದಿನ ವರ್ಷಗಳಲ್ಲಿ ವಿಮೆಯ ಕಂತೇ ಏರುತ್ತದಂತೆ, ನಮ್ಮಲ್ಲಿ ಹೇಗೆ ಎಂದು. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರದ ಒಂದು ಕಾರ್ಯತಂಡ 2021ರ ಜನವರಿಯಲ್ಲಿ ಇಂಥದೇ ಒಂದು ಸಲಹೆಯನ್ನು ಮುಂದಿಟ್ಟಿತು. ಸಂಚಾರದ ತಪ್ಪುಗಳಿಗೆ ಅಂಕ ಹಾಕಿ, ಅಂಕ ಹೆಚ್ಚಿದಷ್ಟೂ ಕಂತು ಹೆಚ್ಚಿಸಬೇಕು ಎಂಬುದು ಆ ಸಲಹೆ. ತಪ್ಪು ಜಾಗದಲ್ಲಿ ಗಾಡಿ ನಿಲ್ಲಿಸಿದರೆ 10 ಅಂಕ, ಕುಡಿದು ಓಡಿಸಿದರೆ 100 ಅಂಕ ಎಂದು ಅದರಲ್ಲಿ ಸೂಚಿಸಿದ್ದರು. ಆದರೆ ಕಂತು ಏರುವುದು ಸಣ್ಣ ಮಾತು. ಕಂತು ಕಟ್ಟಿಯೂ ವಿಮೆ ಇಲ್ಲದವನಂತಾಗುವುದು ದೊಡ್ಡ ಮಾತು. ವರ್ಷವಿಡೀ ಕಂತು ಕಟ್ಟಿ ಒಂದು ಗಂಟೆಯಲ್ಲಿ ಅದನ್ನು ಕುಡಿದುಬಿಟ್ಟವನನ್ನು ವ್ಯಾಪಾರಿ ಎನ್ನಬೇಕೋ ಏನೆನ್ನಬೇಕೋ ನೀವೇ ಹೇಳಿರಿ.

ಒಂದು ಎಚ್ಚರಿಕೆ. ಹೀಗೆ ಆದಾಗ ಊರಿನ ಬುದ್ಧಿವಂತರು ಒಂದು ದಾರಿ ಹೇಳಿಕೊಡುತ್ತಾರೆ. ಬೇರೆ ಯಾರನ್ನೋ ಚಾಲಕನೆಂದು ತೋರಿಸಿರಿ, ಕಾಗದ ತಿದ್ದಿರಿ, ಪತ್ರ ಬರೆಸಿರಿ ಎಂದು. ಅದು ಒಂದು ತಪ್ಪಿನ ಮೇಲೆ ಎರಡನೆಯ ತಪ್ಪು. ಅಪಘಾತವಾದರೆ ಮಾಡಬೇಕಾದ್ದು ಇಷ್ಟೇ. ಓಡಿಹೋಗಬೇಡಿರಿ. ಬಿದ್ದವನನ್ನು ಎತ್ತಿ ದವಾಖಾನೆಗೆ ಮುಟ್ಟಿಸಿರಿ. ಪೊಲೀಸರಿಗೆ ತಿಳಿಸಿರಿ, ವಿಮಾ ಕಂಪನಿಗೆ ತಿಳಿಸಿರಿ, ನಿಜವನ್ನೇ ಹೇಳಿರಿ. ಜನರು ಗುಂಪುಗೂಡಿ ಜೀವಕ್ಕೆ ಅಪಾಯವಿದ್ದರೆ ನೇರವಾಗಿ ಠಾಣೆಗೆ ಹೋಗಿರಿ. ಅಪಘಾತ ಮಾಡಿದವರಲ್ಲದ ದಾರಿಹೋಕರು ಬಿದ್ದವನನ್ನು ಎತ್ತಲು ಹೆದರಬೇಕಾಗಿಲ್ಲ. ಹಾಗೆ ನೆರವಾದವರಿಗೆ 2019ರ ತಿದ್ದುಪಡಿಯಲ್ಲಿ ಕಾನೂನಿನ ರಕ್ಷಣೆ ಇದೆ. ನಿರ್ಲಕ್ಷ್ಯದಿಂದ ಒಂದು ಜೀವ ತೆಗೆದರೆ ಹಳೆಯ ಕಾನೂನಿನಲ್ಲಿ 2 ವರ್ಷದ ತನಕ ಇದ್ದ ಶಿಕ್ಷೆ 2024ರ ಜುಲೈ 1ರಿಂದ 5 ವರ್ಷದ ತನಕ ಆಗಿದೆ ಎಂಬುದೂ ಗೊತ್ತಿರಲಿ.

ಇಷ್ಟು ಕಾನೂನಿನ ಮಾತಾಯಿತು. ಈಗ ಧರ್ಮದ ಮಾತು.

ನಮ್ಮ ಪಂಚಾಚಾರಗಳಲ್ಲಿ ಸದಾಚಾರವೊಂದು, ಗಣಾಚಾರವೊಂದು. ಸದಾಚಾರ ನನ್ನ ನಡೆಯನ್ನು ನಾನು ಶುದ್ಧ ಮಾಡಿಕೊಳ್ಳುವುದು. ಗಣಾಚಾರ ನನ್ನ ಕಣ್ಣ ಮುಂದೆ ನಡೆಯುವ ತಪ್ಪನ್ನು ಸಹಿಸದೆ ಇರುವುದು. ನಮ್ಮ ಆ ಹಿರಿಯರಲ್ಲಿ ಸದಾಚಾರಕ್ಕೆ ಕೊರತೆ ಇರಲಿಲ್ಲ. ಮಗ ವಾರಕ್ಕೊಮ್ಮೆ ಕುಡಿದು ಬರುವುದು ಅವರಿಗೆ ಗೊತ್ತಿತ್ತು. ಅವನ ತಾಯಿಗೆ ಗೊತ್ತಿತ್ತು. ಜೊತೆಗಿದ್ದ ಗೆಳೆಯರಿಗೆ ಗೊತ್ತಿತ್ತು. ಅಂದು ರಾತ್ರಿ ಧಾಬಾದಲ್ಲಿ ಕೀಲಿಕೈ ಮೇಜಿನ ಮೇಲಿತ್ತು, ಸುತ್ತ ನಾಲ್ಕು ಜನ ಕುಳಿತಿದ್ದರು. ಒಬ್ಬನೂ ಆ ಕೀಲಿಕೈಯನ್ನು ಎತ್ತಿ ಕಿಸೆಯಲ್ಲಿಟ್ಟುಕೊಳ್ಳಲಿಲ್ಲ. ಗೆಳೆಯನ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದರು. ಗೆಳೆಯನ ಮನಸ್ಸು ನೋಯಲಿಲ್ಲ, ಗುರುತಿಲ್ಲದವನ ಕಾಲು ಹೋಯಿತು. ಕಾನೂನಿನ 188ನೆಯ ಕಲಮೂ ಕುಡಿದು ಓಡಿಸಲು ಪ್ರೇರೇಪಿಸಿದವನಿಗೆ ಓಡಿಸಿದವನಷ್ಟೇ ಶಿಕ್ಷೆ ಹೇಳುತ್ತದೆ. ಗಣಾಚಾರವೆಂದರೆ ಕತ್ತಿ ಹಿರಿಯುವುದೆಂದು ತಿಳಿದವರಿದ್ದಾರೆ. ಈ ಕಾಲದಲ್ಲಿ ಕುಡಿದವನ ಕೈಯಿಂದ ಕೀಲಿಕೈ ಕಸಿದುಕೊಳ್ಳುವುದೇ ಗಣಾಚಾರ.

ಗಾಡಿ ಓಡಿಸುವುದೂ ಒಂದು ಕಾಯಕ. ಕಾಯಕಕ್ಕೆ ನಿಂತವನ ಮೈ ಮನಸ್ಸು ಎರಡೂ ಅಲ್ಲಿರಬೇಕು. ಕೊರಳಲ್ಲಿ ಇಷ್ಟಲಿಂಗ, ಹೊಟ್ಟೆಯಲ್ಲಿ ಹೆಂಡ, ಕೈಯಲ್ಲಿ ಸ್ಟೇರಿಂಗು, ಈ ಮೂರು ಒಂದು ಮೈಯಲ್ಲಿ ಕೂಡುವುದಿಲ್ಲ.

ಹಾಗೆಂದು ಕುಡಿಯುವವನನ್ನು ಮಠ ಹೊರಗೆ ತಳ್ಳುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ಹೆಸರು ಇದೆ. ಹೆಂಡ ಮಾರುವ ಕಾಯಕದವನೂ ಆ ಗಣದಲ್ಲಿ ಶರಣನೆನಿಸಿಕೊಂಡ. ನಮ್ಮ ಕಾಲದಲ್ಲಿಯೇ ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋದರು. ಅವರು ಬೇಡಿದ್ದು ಕಾಳು ಕಡಿಯಲ್ಲ. ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ನಾವು ಯಾಕೆ ಸುಮ್ಮನಿರಬೇಕು? ನಮ್ಮ ಗಡಿ ಊರುಗಳ ಕಷ್ಟ ಬೇರೆಯೇ. ಈ ರಾಜ್ಯದಲ್ಲಿ ಅಂಗಡಿ ಮುಚ್ಚಿದ ದಿನ ಆ ರಾಜ್ಯದಲ್ಲಿ ತೆರೆದಿರುತ್ತದೆ. ಕುಡಿಯಲು ಗಾಡಿ ಹತ್ತಿ ಗಡಿ ದಾಟಿ ಹೋಗಿ, ಕುಡಿದು ಅದೇ ಗಾಡಿಯಲ್ಲಿ ತಿರುಗಿ ಬರುತ್ತಾರೆ.

ಈಗ ನಮ್ಮ ತಪ್ಪಿನ ಮಾತು. ಆ ಗಾಡಿಗೆ ವಿಭೂತಿ ಹಚ್ಚಿದವರು ನಾವೇ ಎಂದು ಮೊದಲಿಗೆ ಹೇಳಿದೆವು. ಗಾಡಿಯ ಹಣೆಗೆ ವಿಭೂತಿ ಹಚ್ಚಿದೆವು, ಓಡಿಸುವವನ ನಡೆ ಕೇಳಲಿಲ್ಲ. ಹುಡುಗನಿಗೆ ಕುಡಿತದ ರೂಢಿ ಇದೆ ಎಂದು ನಮ್ಮ ಕಿವಿಗೂ ಬಿದ್ದಿತ್ತು. ಶುಭದ ಹೊತ್ತಿನಲ್ಲಿ ಯಾಕೆ ಎಂದು ಸುಮ್ಮನಾದೆವು. ಧಾಬಾದಲ್ಲಿ ಸುಮ್ಮನೆ ಕುಳಿತ ನಾಲ್ವರ ಸಾಲಿನಲ್ಲಿ ಐದನೆಯವರು ನಾವು. ಆದ್ದರಿಂದ ಇಂದಿನಿಂದ ಶ್ರೀಮಠದಲ್ಲಿ ಒಂದು ಕಟ್ಟಳೆ. ಗಾಡಿಯ ಪೂಜೆಗೆ ಬಂದವರು ಕಾಯಿ ಕರ್ಪೂರದ ಜೊತೆಗೆ ವಿಮೆಯ ಕಾಗದವನ್ನೂ ತರಬೇಕು. ನಮ್ಮ ಪಾಠಶಾಲೆಯ ಗುರುಗಳು ಅದನ್ನು ಮನೆಯವರೆಲ್ಲರ ಎದುರು ಕನ್ನಡದಲ್ಲಿ ಓದಿ ಹೇಳುತ್ತಾರೆ. ಗಾಡಿ ಯಾರ ಹೆಸರಿನಲ್ಲಿದೆ, ಯಾರು ಓಡಿಸುತ್ತಾರೆ, ಏನಾದರೆ ಯಾರು ತೆರಬೇಕು ಎಂಬುದು ಮನೆಯ ಹೆಣ್ಣುಮಕ್ಕಳಿಗೂ ತಿಳಿಯಲಿ. ಓಡಿಸುವವನು ಕೀಲಿಕೈಯನ್ನು ನಮ್ಮ ಜೋಳಿಗೆಗೆ ಹಾಕಿ, ಕುಡಿದ ದಿನ ಇದನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟು, ಮತ್ತೆ ತೆಗೆದುಕೊಳ್ಳಬೇಕು.

ಇನ್ನೊಂದು ಮಾತು. ಜಾತ್ರೆಗೆ ಬರಲಿ, ಮದುವೆಗೆ ಬರಲಿ, ಯಾರೇ ಆಗಲಿ ಕುಡಿದಿದ್ದರೆ ರಾತ್ರಿ ಗಾಡಿ ಹತ್ತಬೇಡಿರಿ. ಮಠದ ಪಡಸಾಲೆಯಲ್ಲಿ ಚಾಪೆ ಇದೆ, ಕಂಬಳಿ ಇದೆ. ಕೀಲಿಕೈ ಕೊಟ್ಟು ಮಲಗಿರಿ. ಬೆಳಗ್ಗೆ ಎದ್ದಾಗ ಯಾರೂ ಬೈಯುವುದಿಲ್ಲ, ಅಂಬಲಿ ಕೊಡುತ್ತಾರೆ. ಬುದ್ಧಿ ಮಾತು ಆಮೇಲೆ ಹೇಳಿದರಾಯಿತು. ಮೊದಲು ಜೀವ ಉಳಿಯಲಿ, ನಿಮ್ಮದೂ, ದಾರಿಯಲ್ಲಿ ಹೊರಟವನದೂ.

ಆ ಹಿರಿಯರ ಕತೆ ಏನಾಯಿತು ಎಂದು ಕೇಳುತ್ತೀರಿ. ಹುಡುಗ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. 10,000 ರೂಪಾಯಿ ದಂಡ ಆಯಿತು. ಆರು ತಿಂಗಳು ಓಡಿಸುವಂತಿಲ್ಲ ಎಂದಾಯಿತು. ಗಾಯ ಮಾಡಿದ ಮೊಕದ್ದಮೆ ಬೇರೆ ನಡೆದಿದೆ. ಮುರಿದ ಗಾಡಿಗೆ ಕಂಪನಿ ಹಣ ಕೊಡಲಿಲ್ಲ. ಗಾಡಿ ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯಿತು, ಕಂತು ಮನೆಗೆ ಬರುತ್ತಲೇ ಇತ್ತು. ಕಾಲು ಹೋದವನಿಗೆ ಕಂಪನಿ ಪರಿಹಾರ ಕೊಟ್ಟಿತು, ಆಮೇಲೆ ಹಿರಿಯರ ಬಾಗಿಲಿಗೆ ವಸೂಲಿಗೆ ಬಂತು. ಬಾವಿ ಇದ್ದ ಹೊಲವನ್ನು ಮಾರಿದರು.

ಈ ವರ್ಷ ಸುಗ್ಗಿ ಮುಗಿದ ಮೇಲೆ ಅವರು ಮತ್ತೆ ಬಂದರು. ತಲೆಯ ಮೇಲೆ ಅರ್ಧ ಚೀಲ ಜೋಳ. ಹಿಂದೆ ಮಗ ಇದ್ದ. ಚೀಲ ಇಳಿಸಿ ಹೇಳಿದರು:

"ಈ ಸಲ ಇಷ್ಟರಿ, ಅಪ್ಪಾರ. ಬಾವಿ ಹೊಲಾ ಹೋತು. ಅವತ್ತ ನಿಮ್ಮ ಮ್ಯಾಲ ಸಿಟ್ಟಾಗಿ ಹೋದೆ. ಹೋದ ತಿಂಗಳ ಆ ಕಾಲ ಹೋದ ಹುಡುಗನ ಊರಿಗೆ ಹೋಗಿದ್ದೆವ್ರಿ, ಇಬ್ರೂ. ಬಂದ ರೊಕ್ಕದಾಗ ಸಣ್ಣದೊಂದ ಕಿರಾಣಿ ಅಂಗಡಿ ಇಟ್ಟಾನ. ಚಾ ಕುಡಿಸಿದ. ನೀವು ಆ ಪತ್ರ ಕೊಟ್ಟಿದ್ರ ನಾನು ಅವನ ಮುಂದ ಹೆಂಗ ಕುಂದ್ರತಿದ್ನಿರಿ?"

ನಮಗೆ ಮಾತು ಹೊರಡಲಿಲ್ಲ. ಆ ಅರ್ಧ ಚೀಲದ ಜೋಳದ ರೊಟ್ಟಿಯನ್ನೇ ಇಂದು ದಾಸೋಹದಲ್ಲಿ ನೀವೆಲ್ಲ ಪ್ರಸಾದವಾಗಿ ಸ್ವೀಕರಿಸಲಿದ್ದೀರಿ. ಬಡಿಸುವವನು ಅವರ ಮಗನೇ. ಅವನನ್ನು ಯಾರೂ ಬೆರಳು ಮಾಡಿ ತೋರಿಸಬೇಡಿರಿ. ಅವನು ಕುಡಿತ ಬಿಟ್ಟು ಎರಡು ವರ್ಷವಾಯಿತು. ನಿಮ್ಮ ನಿಮ್ಮ ಮನೆಯಲ್ಲಿ ಗೂಟಕ್ಕೆ ತೂಗುಹಾಕಿದ ಕೀಲಿಕೈಯನ್ನು ಮಾತ್ರ ಇಂದು ಮನೆಗೆ ಹೋದೊಡನೆ ಒಮ್ಮೆ ನೋಡಿರಿ. ಅದು ಯಾರ ಕೈಗೆ ಹೋಗುತ್ತಿದೆ, ಯಾವ ಹೊತ್ತಿನಲ್ಲಿ ಹೋಗುತ್ತಿದೆ ಎಂದು ಕೇಳಿರಿ. ಕೇಳುವುದಕ್ಕೆ ನಾಚಬೇಡಿರಿ.

ಎಲ್ಲರಿಗೂ ಗುರುಬಸವಣ್ಣನವರ ಕೃಪೆ ಇರಲಿ. ದಾರಿಯಲ್ಲಿ ಹೊರಟ ಎಲ್ಲರೂ ಮನೆ ಮುಟ್ಟಲಿ.

ಶರಣು ಶರಣಾರ್ಥಿ.